ಕೊನೆಯ ಮಾತು ಯಾರದು?

ಚಿ. ಪುಟ್ಟಿಗೆ,

ಅತ್ತೆಯ ಆಶೀರ್ವಾದ. ನೀನು ತಂಡದ ಸಂಚಾಲಕಿ ಆಗಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಅವನ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ 'ಇವಳಿಗೆ ಯಾಕೆ ಬೇಕಿತ್ತು ಈ ಉಸಾಬರಿ' ಅನ್ನೋದು. ಎರಡೂ ಸರಿಯೇ. ಮುಂದಿನ ನಾಟಕ ಯಾವುದು ಮಾಡಲಿ ಅಂತ ನೀನು ಮೆಸೇಜ್ ಹಾಕಿದ್ದೆ. ಅದಕ್ಕೆ ಅವಸರ ಇಲ್ಲ. ಅದಕ್ಕೂ ಮೊದಲು ನಿಮ್ಮ ತಂಡದಲ್ಲಿ ಯಾವ ವಿಷಯಕ್ಕೆ ಯಾರ ಮಾತು ಕೊನೆಯದು ಅನ್ನುವುದು ತೀರ್ಮಾನ ಆಗಬೇಕು.

ನಾವೆಲ್ಲ ಸ್ನೇಹಿತರು, ಇದೆಲ್ಲಾ ಯಾಕೆ ಅಂತೀಯ. ಸ್ನೇಹಿತರು ಆಗಿರುವುದಕ್ಕೇ ಬೇಕು. ಸಂಬಳ ಕೊಡುವ ಕಡೆ ಮುನಿಸಿಕೊಂಡವನು ಮಾರನೇ ದಿನವೂ ಕೆಲಸಕ್ಕೆ ಬರುತ್ತಾನೆ. ಹವ್ಯಾಸಿ ತಂಡದಲ್ಲಿ ಮುನಿಸಿಕೊಂಡವನು ಫೋನ್ ಎತ್ತುವುದಿಲ್ಲ. ಅದೂ ಶೋಗೆ ನಾಲ್ಕು ದಿನ ಇರುವಾಗ.

ಹಳೇ ಕಂಪನಿ ನಾಟಕದವರಿಗೆ ಈ ಗೊಂದಲ ಕಡಿಮೆ ಇತ್ತು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅಂಥ ಕಂಪನಿಗಳಲ್ಲಿ ಮಾಲೀಕರು, ಮ್ಯಾನೇಜರು, ನಾಟಕ ಕಲಿಸುವ ಮೇಷ್ಟ್ರು, ಹಾರ್ಮೋನಿಯಂ ಮೇಷ್ಟ್ರು, ಪರದೆ ಬರೆಯುವವರು, ಗೇಟಿನಲ್ಲಿ ಟಿಕೆಟ್ ಹರಿಯುವವರು, ಅಡುಗೆಯವರು ಎಲ್ಲಾ ಬೇರೆ ಬೇರೆ. ಮಾಲೀಕನ ದರ್ಪವೂ ಇತ್ತು, ಅದನ್ನು ಹೊಗಳುತ್ತಿಲ್ಲ. ಆದರೆ ಗುಬ್ಬಿ ವೀರಣ್ಣನವರು ಮಾಲೀಕರಾಗಿ ಮಾಡಿದ ಒಂದು ಕೆಲಸ ನಿನಗೆ ಗೊತ್ತಿರಲಿ. ಕಂಪನಿಗೆ ಓಡಿಬಂದು ಸೇರಿದ್ದ ಹುಡುಗ ಬಿ.ವಿ. ಕಾರಂತರನ್ನು ಓದಲಿಕ್ಕೆ ಬನಾರಸಿಗೆ ಕಳಿಸಿದ್ದು ಅವರೇ. ಆ ಹುಡುಗನೇ ಮುಂದೆ, 1989ರಲ್ಲಿ, ನಿಮ್ಮ ಮೈಸೂರಿನ ಸರ್ಕಾರಿ ರಂಗಸಂಸ್ಥೆ ರಂಗಾಯಣದ ಮೊದಲ ನಿರ್ದೇಶಕರಾದರು. ತಂಡ ನಡೆಸುವವರ ಕಣ್ಣು ಇವತ್ತಿನ ಕಲೆಕ್ಷನ್ ಮೇಲೆ ಮಾತ್ರ ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ?

ಕಾರಂತರ ಮಾತು ಬಂತು, ಒಂದು ಎಚ್ಚರಿಕೆ. ಅವರು ನಿರ್ದೇಶನವನ್ನೂ ಮಾಡುತ್ತಿದ್ದರು, ಸಂಗೀತವನ್ನೂ ಮಾಡುತ್ತಿದ್ದರು. ಕಲ್ಲು, ಕೋಲು, ಏನು ಸಿಕ್ಕರೂ ಅದರಿಂದ ನಾದ ತೆಗೆಯುತ್ತಿದ್ದರು. ಅದನ್ನು ನೋಡಿ ಊರೂರಲ್ಲಿ ಎಲ್ಲವನ್ನೂ ನಾನೇ ಮಾಡುತ್ತೇನೆ ಅನ್ನುವ ನಿರ್ದೇಶಕರು ಹುಟ್ಟಿಕೊಂಡರು. ಎಲ್ಲರೂ ಕಾರಂತರಲ್ಲ.

ನಾನು ಬಟ್ಟೆ, ಪರಿಕರ ನೋಡಿಕೊಳ್ಳುತ್ತಿದ್ದ ಒಂದು ತಂಡದಲ್ಲಿ (ಹೆಸರು ಬೇಡ) ನಿರ್ದೇಶಕ, ಹೀರೋ, ಖಜಾಂಚಿ ಮೂರೂ ಒಬ್ಬರೇ. ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ಎರಡನೇ ಅಂಕ ಎಳೆದಂತಿದೆ ಅಂತ ಹೇಳಬೇಕಾದ ನಿರ್ದೇಶಕನೇ ಆ ಅಂಕದಲ್ಲಿ ರಂಗದ ಮಧ್ಯೆ ನಿಂತು ಮಾತಾಡುತ್ತಿದ್ದರು. ಲೆಕ್ಕ ಅವರ ಅಂಗಿ ಜೇಬಿನಲ್ಲಿ, ಒಂದು ಸಿಗರೇಟ್ ಪ್ಯಾಕಿನ ಹಿಂದೆ. ಅವರು ಒಂದು ರೂಪಾಯಿ ತಿಂದವರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಲೈಟಿನವನಿಗೆ ದುಡ್ಡು ಬಾಕಿ ಉಳಿದಾಗ ಜನ ಏನು ಮಾತಾಡಿಕೊಂಡರು ಅಂತ ನೀನೇ ಊಹಿಸು. ತಂಡ ಒಡೆದು ಎರಡಾಯಿತು. ಈಗ ಎರಡೂ ಇಲ್ಲ.

ಅದಕ್ಕೇ ಮೊದಲ ವರ್ಷ ನೀನು ದೊಡ್ಡ ಪಾತ್ರ ತಗೋಬೇಡ. ಬೇಜಾರಾಗುತ್ತೆ, ಗೊತ್ತು. ನಿನಗೆ ಅಭಿನಯವೇ ಇಷ್ಟ. ಒಂದು ಸಣ್ಣ ಪಾತ್ರ ಮಾಡು, ಇಲ್ಲಾ ಮೇಳದಲ್ಲಿ ಹಾಡು.

ತಾಲೀಮಿನ ಕೋಣೆಯೊಳಗೆ ನಿರ್ದೇಶಕರ ಮಾತೇ ಕೊನೆ. ನೀನು ಹಿಂದೆ ಗೋಡೆಗೆ ಒರಗಿ ಕೂತು ನೋಡು. ನಟರಿಗೆ ನೀನಾಗಿ 'ಹಾಗಲ್ಲ, ಹೀಗೆ' ಅಂತ ಹೇಳಬೇಡ. ಹೇಳುವುದಿದ್ದರೆ ತಾಲೀಮು ಮುಗಿದ ಮೇಲೆ, ಟೀ ಅಂಗಡಿಯಲ್ಲಿ, ನಿರ್ದೇಶಕರಿಗೊಬ್ಬರಿಗೇ ಹೇಳು. ಪಾತ್ರ ಹಂಚುವುದೂ ಅವರದೇ ಕೆಲಸ. ಪಾರ್ಟು ಸಿಗದವರಿಗೆ ಸುದ್ದಿ ಮುಟ್ಟಿಸುವುದು ಮಾತ್ರ ನಿನ್ನದು. ಅದನ್ನು ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಹಾಕಿ ಮುಗಿಸಬೇಡ. ಎದುರು ಕೂತು ಹೇಳು. ಅವರು ಅತ್ತರೆ ಕೂತಿರು.

ಇನ್ನು ಬೆಳಕು, ಸಂಗೀತ, ರಂಗಸಜ್ಜಿಕೆ, ಬಟ್ಟೆ, ಮೇಕಪ್. ಇವರನ್ನು ಸಣ್ಣ ತಂಡದವರು ಕೊನೇ ವಾರ ಕರೆಯುತ್ತಾರೆ, ಮದುವೆ ಮನೆಗೆ ಶಾಮಿಯಾನದವರನ್ನು ಕರೆದ ಹಾಗೆ. ಆಮೇಲೆ ಶೋ ದಿನ ಮಧ್ಯಾಹ್ನ ಗೊತ್ತಾಗುತ್ತೆ: ಸೆಟ್ಟಿನ ಕಂಬ ಸೈಡ್ ಲೈಟಿಗೆ ಅಡ್ಡ ನಿಂತಿದೆ, ನಾಯಕಿಯ ಮುಖ ಕತ್ತಲು. ಆಗ ಸೆಟ್ಟಿನವನೂ ಲೈಟಿನವನೂ ಜಗಳ. ಮೊದಲ ಓದಿನ ದಿನವೇ ಎಲ್ಲರನ್ನೂ ಕೂರಿಸು. ಅವತ್ತು ಅವರು ಏನೂ ಮಾತಾಡದೇ ಇರಬಹುದು. ಪರವಾಗಿಲ್ಲ, ಕೇಳಿಸಿಕೊಳ್ಳಲಿ.

ಬಟ್ಟೆಯ ವಿಷಯ ನನಗೆ ಗೊತ್ತಿರುವುದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅಂಗಡಿಯಿಂದ ತಂದ ಹೊಸ ಬಿಳಿ ಪಂಚೆ ಲೈಟಿನ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ನಟನ ಮುಖದ ಬದಲು ಜನ ಪಂಚೆ ನೋಡುತ್ತಾರೆ. ಅದಕ್ಕೆ ಟೀ ಸೊಪ್ಪು ಕುದಿಸಿ ಸೋಸಿದ ನೀರಿಗೆ ಪಂಚೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಹಿಂಡಿ, ನೆರಳಲ್ಲಿ ಒಣಗಿಸಬೇಕು. ಕೈಯಲ್ಲಿ ಹಿಡಿದರೆ ಕೊಳೆಯಾದ ಹಾಗೆ ಕಾಣುತ್ತೆ. ರಂಗದ ಮೇಲೆ ಅದೇ ಬಿಳಿ. ಬಟ್ಟೆ ನೋಡಿಕೊಳ್ಳುವ ಹುಡುಗಿ ಹೀಗೆ ಏನೋ ಮಾಡುತ್ತಿದ್ದರೆ 'ಹೊಸಾ ಪಂಚೆ ಹಾಳು ಮಾಡಿದೆಯಲ್ಲೇ' ಅಂತ ಬೈಯಬೇಡ. ಅವಳು ಅದನ್ನು ಲೈಟಿನವರ ಹತ್ತಿರ ಹಿಡಿದು ನೋಡಿದ್ದಾಳಾ ಅಂತ ಮಾತ್ರ ಕೇಳು.

ಶೋ ದಿನದ ಮಾತೇ ಬೇರೆ. ಹಾಲಿನ ಬಾಗಿಲು ತೆಗೆದಾಗಿನಿಂದ ಸಾಮಾನು ಟೆಂಪೋಗೆ ಏರುವವರೆಗೆ ರಂಗ ನಿರ್ವಹಣೆ ಮಾಡುವವರದೇ ಕೊನೆಯ ಮಾತು. ನಿರ್ದೇಶಕರೂ ಕೇಳಬೇಕು, ನೀನೂ ಕೇಳಬೇಕು. ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆಯುವುದು ಅವರು ಹೇಳಿದಾಗಲೇ. ಮುಖ್ಯ ಅತಿಥಿ ಇನ್ನೂ ದಾರಿಯಲ್ಲಿದ್ದಾರೆ ಅಂತ ನೀನು ಹೋಗಿ ತಡೆಯಬೇಡ. ಬೆಂಗಳೂರಿನ ನಾಟಕಮಂದಿರ ರಂಗಶಂಕರದಲ್ಲಿ, ಅದು 2004ರಲ್ಲಿ ಶುರುವಾದದ್ದು, ಟೈಮಿಗೆ ಸರಿಯಾಗಿ ನಾಟಕ ಶುರು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಮೊದಮೊದಲು ಗೊಣಗಿದವರೂ ಈಗ ಓಡಿಕೊಂಡು ಬರುತ್ತಾರೆ.

ಈ ಕೆಲಸಕ್ಕೆ ಗಟ್ಟಿ ಗಂಟಲಿನವರನ್ನು ಹುಡುಕಬೇಡ, ಬರೆದಿಟ್ಟುಕೊಳ್ಳುವ ಅಭ್ಯಾಸ ಇರುವವರನ್ನು ಹುಡುಕು. ಸೈಡ್ ವಿಂಗಿನಲ್ಲಿ ಒಂದು ಮೇಜು, ಅದರ ಮೇಲೆ ದೊಡ್ಡ ಹಾಳೆ. ಲಾಟೀನು, ಕಾಗದ, ಚೊಂಬು, ಕನ್ನಡಕ, ಒಂದೊಂದನ್ನೂ ಇಟ್ಟು ಸುತ್ತ ಗೆರೆ ಎಳೆದು ಹೆಸರು ಬರೆಯಬೇಕು. ಕತ್ತಲಲ್ಲಿ ಒಂದು ಸಲ ಕಣ್ಣಾಡಿಸಿದರೆ ಯಾವ ಗೆರೆ ಖಾಲಿ ಇದೆ ಅಂತ ಗೊತ್ತಾಗಬೇಕು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ತಂಡ ಇನ್ನೂ ನೋಂದಣಿ ಆಗಿಲ್ಲದಿದ್ದರೆ ಮಾಡಿಸು. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸದಸ್ಯರು ಸಾಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಇವೆಲ್ಲ ಕಿರಿಕಿರಿಯೇ, ಆದರೆ ಅನುದಾನ ಕೇಳಲು ಹೋದಾಗ ಅದೇ ಕೈ ಹಿಡಿಯುತ್ತೆ. ಚೆಕ್ಕಿಗೆ ಎರಡು ಸಹಿ ಇರಲಿ. ಹಾಲ್ ಬಾಡಿಗೆ, ಲೈಟು, ಟೆಂಪೋ, ತಿಂಡಿ ಎಲ್ಲದರ ಖರ್ಚು ಬರೆದು ತಾಲೀಮಿನ ಕೋಣೆಯ ಗೋಡೆಗೆ ಅಂಟಿಸು. ಮೇಕಪ್‌ನವರಿಗೂ ಲೈಟಿನವರಿಗೂ ಅದೇ ರಾತ್ರಿ ಕವರ್ ಕೊಡು. ನಟರು ಕಾಯುತ್ತಾರೆ, ಅವರಿಗೆ ಚಪ್ಪಾಳೆಯಾದರೂ ಸಿಕ್ಕಿರುತ್ತೆ.

ಹೆಗ್ಗೋಡಿಗೆ ಒಮ್ಮೆ ಹೋಗಿ ಬಾ. ಅಲ್ಲಿನ ನೀನಾಸಂ ಶುರುವಾದದ್ದು 1949ರಲ್ಲಿ, ಒಂದು ಹಳ್ಳಿಯ ಹವ್ಯಾಸಿ ತಂಡವಾಗಿ. ಕೆ.ವಿ. ಸುಬ್ಬಣ್ಣನವರು ಅದರ ಬೆನ್ನೆಲುಬು. ಹಾಗಂತ ಎಲ್ಲಾ ನಾಟಕವನ್ನೂ ಅವರೇ ಆಡಿಸಲಿಲ್ಲ, ಬೇರೆ ಬೇರೆ ನಿರ್ದೇಶಕರಿಗೆ ಜಾಗ ಮಾಡಿಕೊಟ್ಟರು. 1985ರಿಂದ ನಡೆಯುತ್ತಿರುವ, ಊರೂರು ಸುತ್ತಿ ನಾಟಕ ಆಡುವ ಅವರ ತಿರುಗಾಟದಲ್ಲಿ ಸಂಜೆ ರಾಜನಾಗುವವನೇ ಮಧ್ಯಾಹ್ನ ಸೆಟ್ಟು ಹೊತ್ತು ಮೊಳೆ ಹೊಡೆಯುತ್ತಾನೆ. ನಿಮ್ಮಲ್ಲಿ ಮುಖ್ಯ ಪಾತ್ರದವರು ಪೆಟ್ಟಿಗೆ ಮುಟ್ಟುವುದಿಲ್ಲ ಅಂತ ಕೇಳಿದೆ. ಅದನ್ನು ಭಾಷಣ ಮಾಡಿ ತಿದ್ದಲು ಆಗದು. ಮೊದಲ ಪೆಟ್ಟಿಗೆ ನೀನು ಎತ್ತು, ಎರಡನೆಯದಕ್ಕೆ ಅವರನ್ನು ಹೆಸರು ಹಿಡಿದು ಕರಿ.

ಭಾನುವಾರ ಮೀಟಿಂಗ್ ಇದೆ ಅಂದೆಯಲ್ಲ, ಅವತ್ತೇ ಒಂದು ಹಾಳೆಯಲ್ಲಿ ಯಾವುದಕ್ಕೆ ಯಾರು ಅಂತ ಬರೆದು ಎಲ್ಲರ ಎದುರು ಓದಿಬಿಡು. ತಕರಾರು ಇದ್ದವರು ಅಲ್ಲೇ ಹೇಳಲಿ. ಹಾಳೆಯ ಒಂದು ಫೋಟೋ ನನಗೂ ಕಳಿಸು. ನಾಟಕ ಯಾವುದು ಅನ್ನುವುದನ್ನು ನಿರ್ದೇಶಕರ ಜೊತೆ ಕೂತು ಮಾತಾಡೋಣ, ನಾನೂ ಒಂದೆರಡು ಹೆಸರು ಯೋಚಿಸಿದ್ದೇನೆ.

ನನ್ನ ಟ್ರಂಕಿನಲ್ಲಿ ಹಳೇ ಇಳಕಲ್ ಸೀರೆಗಳಿವೆ, ಎರಡು ಕೋಟು, ಒಂದು ಪೇಟ. ತಂಡಕ್ಕೆ ಬೇಕಾದರೆ ತಗೊಂಡು ಹೋಗಿ. ಆದರೆ ನೀನು ಬಂದು ಆರಿಸಬೇಡ. ಬಟ್ಟೆ ನೋಡಿಕೊಳ್ಳುವ ಆ ಹುಡುಗಿಯನ್ನು ಕಳಿಸು, ಊಟಕ್ಕೆ ಇಲ್ಲೇ ಇರಲಿ ಅಂತ ಹೇಳು.

ಇಂತಿ,
ನಿನ್ನ ಅತ್ತೆ