ಮನೆ ಆಮೇಲೆ, ಮೊದಲು ನೀರು ಮತ್ತು ದಾರಿ ನೋಡು

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ನಿನಗೆ ಕೆಲಸ ಸಿಕ್ಕಿದ್ದನ್ನು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಖುಷಿಯಾಯಿತು. ಅದರ ಬೆನ್ನಿಗೇ, ಮೊಬೈಲಿನಲ್ಲಿ ಫೋಟೊ ನೋಡಿ ಒಂದು ಫ್ಲಾಟಿಗೆ ಟೋಕನ್ ಅಡ್ವಾನ್ಸ್ ಕಳಿಸೋಕೆ ಹೊರಟಿದೀಯ ಅಂತಲೂ ಹೇಳಿದ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತೀಯ. ಇದನ್ನು ಇಟ್ಟುಕೋ, ಮನೆ ನೋಡೋಕೆ ಹೋಗುವ ದಿನ ಇನ್ನೊಂದು ಸಲ ಓದು.

ದುಡ್ಡು ಕಳಿಸಬೇಡ. ಕಣ್ಣಾರೆ ನೋಡದ ಮನೆಗೆ ಒಂದು ರೂಪಾಯಿಯೂ ಬೇಡ. ತಾನು ಮಿಲಿಟರಿಯವನು, ಬೇರೆ ಊರಿಗೆ ವರ್ಗ ಆಗಿದೆ, ಮನೆ ನೋಡಬೇಕಾದರೆ ಗೇಟ್ ಪಾಸ್‌ಗೆ ಇಷ್ಟು ಹಾಕಿ, ಆಮೇಲೆ ವಾಪಸ್ ಮಾಡ್ತೀನಿ ಅಂತ ನಯವಾಗಿ ಮಾತಾಡುವವರು ಇದ್ದಾರೆ. ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮಗೇ ದುಡ್ಡು ಬರುತ್ತೆ ಅಂತಾರೆ. ದುಡ್ಡು ಬರೋಕೆ ಪಿನ್ ಬೇಕಾಗೇ ಇಲ್ಲ, ಹೋಗೋಕೆ ಮಾತ್ರ ಬೇಕು. ಅಷ್ಟು ಚಂದದ ಮನೆ ಅಷ್ಟು ಕಡಿಮೆ ಬಾಡಿಗೆಗೆ ಯಾಕೆ ಸಿಕ್ತಿದೆ ಅಂತ ನೀನೇ ಒಂದು ಗಳಿಗೆ ಯೋಚನೆ ಮಾಡು.

ಮೊದಲ ಒಂದೆರಡು ತಿಂಗಳು ಆಫೀಸಿನ ಹತ್ತಿರ ಯಾವುದಾದರೂ ಪಿಜಿಯಲ್ಲಿ ಇರು. ಊಟ ರುಚಿ ಇರಲ್ಲ, ರೂಮ್ ಇಕ್ಕಟ್ಟು, ಎಲ್ಲ ಗೊತ್ತಿದೆ. ಆದರೂ ಇರು. ಬೆಂಗಳೂರಿನಲ್ಲಿ ಯಾವ ಏರಿಯಾ ನಿನಗೆ ಹೊಂದುತ್ತೆ ಅನ್ನೋದು ದಾವಣಗೆರೆಯಲ್ಲಿ ಕೂತು ತಿಳಿಯೋ ವಿಷಯ ಅಲ್ಲ. ಬೆಳಗ್ಗೆ ಒಂಬತ್ತಕ್ಕೆ, ಸಂಜೆ ಏಳಕ್ಕೆ ಆ ರಸ್ತೆಗಳಲ್ಲಿ ನೀನೇ ಓಡಾಡಬೇಕು. ನಮ್ಮೂರಿನ ಅಶೋಕ ರಸ್ತೆ ರೈಲ್ವೆ ಗೇಟ್ ಹಾಕಿದಾಗ ಹತ್ತು ನಿಮಿಷ ನಿಂತರೆ ನಮಗೆಲ್ಲ ಎಷ್ಟು ಸಿಟ್ಟು ಬರ್ತಿತ್ತು ನೆನಪಿದೆ ಅಲ್ವಾ? ಟಿನ್ ಫ್ಯಾಕ್ಟರಿ ಹತ್ತಿರ, ಮಾರತಹಳ್ಳಿ ಹತ್ತಿರ ಗೇಟೇ ಇಲ್ಲದೆ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಬೇಕು, ಅದೂ ದಿನಾ.

ನಮ್ಮ ನೆಂಟರೆಲ್ಲ ರಾಜಾಜಿನಗರ, ವಿಜಯನಗರದ ಕಡೆ ಇದ್ದಾರೆ, ಅಲ್ಲೇ ಇರಲಿ ಅಂತ ನಿಮ್ಮಮ್ಮನ ಆಸೆ. ನನಗೂ ಆ ಕಡೆ ಅಂದರೆ ಪ್ರೀತಿ. ನಾನೂ ನಿಮ್ಮ ಮಾವನೂ ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದು ಅಲ್ಲೇ. ಕನ್ನಡ ಮಾತು, ವಿಜಯನಗರದ ತರಕಾರಿ ಮಾರುಕಟ್ಟೆ, ಸಂಜೆ ಬಾಗಿಲಲ್ಲಿ ನಿಂತು ಮಾತಾಡೋ ನೆರೆಯವರು. ನೇರಳೆ ಮಾರ್ಗದ ಮೆಟ್ರೊ ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ಗಾಡಿ ಬದಲಿಸದೆ ಹೋಗುತ್ತೆ, ಅದೂ ನಿಜ. ಆದರೆ ಹೋಗೋಕೆ ಒಂದು ಗಂಟೆಗಿಂತ ಜಾಸ್ತಿ, ಬರೋಕೆ ಅಷ್ಟೇ, ಅದರ ಮೇಲೆ ಎರಡೂ ಕಡೆ ನಡಿಗೆ. ಹೊಸ ಕೆಲಸ, ಕಲಿಯೋದು ಬೇಕಾದಷ್ಟಿರುತ್ತೆ. ದಿನಕ್ಕೆ ಮೂರು ಗಂಟೆ ದಾರಿಗೆ ಕೊಟ್ಟರೆ ನಿನ್ನ ಕೈಯಲ್ಲಿ ಏನು ಉಳಿಯುತ್ತೆ? ನೆಂಟರ ಮನೆಗೆ ಭಾನುವಾರ ಹೋಗಬಹುದು. ನಿಮ್ಮಮ್ಮನಿಗೆ ನಾನೇ ಹೇಳ್ತೀನಿ.

ನನ್ನ ಮಾತು ಕೇಳೋದಾದರೆ ನೇರಳೆ ಮಾರ್ಗದಲ್ಲೇ, ನಿನ್ನ ಆಫೀಸಿನಿಂದ ನಾಲ್ಕೈದು ಸ್ಟೇಷನ್ ಒಳಗೆ, ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ ಹುಡುಕು. ಹೂಡಿ, ಗರುಡಾಚಾರ್‌ಪಾಳ್ಯ, ಕುಂದಲಹಳ್ಳಿ, ಕಾಡುಗೋಡಿ ಹೀಗೆ. ವೈಟ್‌ಫೀಲ್ಡ್ ಅನ್ನೋದು ಒಂದೇ ಊರಲ್ಲ. ಆಫೀಸು ಐಟಿಪಿಎಲ್ ಟೆಕ್ ಪಾರ್ಕ್ ಒಳಗಿದ್ದರೆ ಲೆಕ್ಕ ಬೇರೆ, ವರ್ತೂರು ರಸ್ತೆಯಲ್ಲಿದ್ದರೆ ಬೇರೆ. ಯಾವ ಕಟ್ಟಡ, ಯಾವ ಗೇಟು ಅಂತ ಮೊದಲು ಕೇಳಿಕೋ. ಮನೆಗೆ ಬರೋದೂ ಈ ಮಾರ್ಗದಿಂದ ಸುಲಭ. ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ದಾವಣಗೆರೆ ಬಸ್ಸು, ಅದರ ಪಕ್ಕದ ರೈಲು ನಿಲ್ದಾಣದ ಸ್ಟೇಷನ್ನಿನಲ್ಲಿ ಇಳಿದರೆ ರೈಲು. ವಾಪಸ್ ಹೋಗುವಾಗ ಇಲ್ಲಿಂದ ರಾತ್ರಿ ಬಸ್ಸಿಗೆ ಹೊರಟು ಭಾನುವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ಮಾತ್ರ ಸ್ವಲ್ಪ ಕಾಯಬೇಕು. ಆವತ್ತು ಮೆಟ್ರೊ ತಡವಾಗಿ ಶುರುವಾಗುತ್ತೆ.

"ಇಲ್ಲೇ ಮೆಟ್ರೊ ಬರ್ತಿದೆ" ಅಂತ ಹೇಳಿ ಬಾಡಿಗೆ ಏರಿಸುವವರೂ ಸಿಗ್ತಾರೆ. ಬರೋ ಮೆಟ್ರೊಗೆ ಈಗಲೇ ದುಡ್ಡು ಕೊಡಬೇಡ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ರೈಲು ಓಡಿತು. ಆದರೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ಚಿಕ್ಕ ತುಂಡು ಸೇರಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಜನ ನಡುವೆ ಇಳಿದು ಬಸ್ ಹತ್ತಿದರು. ಓಡ್ತಿರೋದನ್ನು ಮಾತ್ರ ಲೆಕ್ಕಕ್ಕೆ ತಗೋ.

ಇನ್ನು ನೀರು. ಇದನ್ನು ಸ್ವಲ್ಪ ನಿಧಾನವಾಗಿ ಓದು.

ಇಲ್ಲಿ ನಮಗೆ ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಸಂಪು, ಸಿಂಟೆಕ್ಸು, ಕೊಡ, ಬಕೆಟ್ಟು ಎಲ್ಲಾ ತುಂಬಿಸಿಕೊಳ್ತೀವಿ. ಆದರೂ ಭದ್ರಾ ನಾಲೆ ಇದೆ, ಕುಂದುವಾಡ ಕೆರೆ ಇದೆ, ಅತ್ತ ತುಂಗಭದ್ರೆ ಇದೆ ಅನ್ನೋ ಧೈರ್ಯ ಇದೆ. ಬೆಂಗಳೂರಿಗೆ ಹತ್ತಿರದಲ್ಲಿ ಅಂಥ ದೊಡ್ಡ ನದಿ ಇಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಕಾವೇರಿ ನೀರನ್ನು ಪಂಪ್ ಮಾಡಿ ಮೇಲಕ್ಕೆ ತರಬೇಕು. ಹಳೆಯ ಬಡಾವಣೆಗಳಿಗೆ ಈ ನೀರು ಮೊದಲಿಂದ ಇದೆ. ನೀನು ಹೋಗುವ ಕಡೆ ಒಂದಷ್ಟು ಜಾಗ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳದ್ದು. ಅಲ್ಲಿ ವರ್ಷಾನುಗಟ್ಟಲೆ ಬೋರ್‌ವೆಲ್ಲು, ಟ್ಯಾಂಕರ್ರು ಇವೇ ಗತಿ. 2024ರ ಬೇಸಿಗೆಯಲ್ಲಿ ಬೋರ್‌ಗಳು ಒಣಗಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲೇ ನೀರು ಅಳೆದು ಬಿಟ್ಟರು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿದೆ, ಆ ಹಳ್ಳಿಗಳಿಗೇ ಅಂತ ಮಾಡಿದ ಯೋಜನೆ ಅದು. ಆದರೆ ರಸ್ತೆಗೆ ಪೈಪ್ ಬಂದ ಮಾತ್ರಕ್ಕೆ ಮನೆಗೆ ನೀರು ಬಂತು ಅಂತಲ್ಲ. ಮನೆ ಮಾಲೀಕರು ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿರಬೇಕು.

ಅದಕ್ಕೇ ನೇರವಾಗಿ ಕೇಳು: ಕಾವೇರಿ ಕನೆಕ್ಷನ್ ಇದೆಯಾ, ಬಿಲ್ ತೋರಿಸ್ತೀರಾ? ವಾರಕ್ಕೆ ಎಷ್ಟು ದಿನ ಬಿಡ್ತಾರೆ? ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡೋದು? ಮಾಲೀಕರು ಹೇಳಿದ್ದನ್ನು ಕೇಳಿಸಿಕೊಂಡು ಸುಮ್ನೆ ಬರಬೇಡ. ಕೆಳಗಿನ ಮನೆಯ ಬಾಡಿಗೆಯವರನ್ನು, ಮೂಲೆ ಕಿರಾಣಿ ಅಂಗಡಿಯವರನ್ನು "ಹೋದ ಏಪ್ರಿಲ್‌ನಲ್ಲಿ ಇಲ್ಲಿ ನೀರು ಹೇಗಿತ್ತು?" ಅಂತ ವಿಚಾರಿಸು. ಅವರಿಗೆ ಸುಳ್ಳು ಹೇಳಿ ಏನೂ ಆಗಬೇಕಾಗಿಲ್ಲ.

ಬಚ್ಚಲಿಗೆ ಹೋಗಿ ನಲ್ಲಿಯನ್ನೂ ನೋಡು. ನಲ್ಲಿ ಬಾಯಿ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಕರೆ ಕಟ್ಟಿದೆಯಾ? ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಇದೆಯಾ? ಇದ್ದರೆ ಗಡಸು ನೀರು. ಗೀಸರ್ ಹಾಳಾಗುತ್ತೆ, ಬೇಳೆ ಸರಿಯಾಗಿ ಬೇಯಲ್ಲ. ನಲ್ಲಿ ಬಿಟ್ಟು ಎರಡು ನಿಮಿಷ ಹಾಗೇ ನಿಂತುಕೋ, ನೀರಿನ ರಭಸ ಗೊತ್ತಾಗುತ್ತೆ. ಆಮೇಲೆ ಗೋಡೆಯ ಬುಡ. ಮೊಣಕಾಲಿನ ಮಟ್ಟದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ಬೋಟು, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ತಂದಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೀವಿ. ರಾಜಕಾಲುವೆ, ಅಂದರೆ ಮಳೆನೀರು ಹರಿಯೋ ದೊಡ್ಡ ಕಾಲುವೆ, ಅದರ ಪಕ್ಕದ ಗ್ರೌಂಡ್ ಫ್ಲೋರ್ ಬೇಡವೇ ಬೇಡ, ಬಾಡಿಗೆ ಅರ್ಧಕ್ಕರ್ಧ ಕಡಿಮೆ ಆದರೂ ಬೇಡ.

ಹಗಲು ನೋಡಿ ಮೆಚ್ಚಿದ ಮನೆಗೆ ರಾತ್ರಿ ಒಂಬತ್ತಕ್ಕೆ ಸ್ಟೇಷನ್ನಿಂದ ಒಮ್ಮೆ ನಡೆದು ಹೋಗು, ಗೆಳತಿಯನ್ನು ಜೊತೆಗೆ ಕರಕೊಂಡು. ಬೀದಿ ದೀಪ ಉರಿಯುತ್ತಾ? ಅಂಗಡಿ ತೆರೆದಿರುತ್ತಾ? ನಾಯಿಗಳು ಎಷ್ಟಿವೆ? ನಿನ್ನ ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕಿತು ಅಂದರೆ ಆ ಮನೆ ಬಿಡು. ಇದರಲ್ಲಿ ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಕರೆಂಟ್ ಬೆಸ್ಕಾಂದೇ, ನಮಗೆ ಇಲ್ಲಿ ಕೊಡೋರೇ ಅಲ್ಲೂ ಕೊಡೋದು. ನೋಡಬೇಕಾದ್ದು ಮೀಟರ್. ಮೆಟ್ಟಿಲ ಕೆಳಗೆ ಸಾಲಾಗಿ ಮೀಟರ್‌ಗಳಿರುತ್ತವೆ. ನಿನ್ನ ಮನೆಗೆ ಬೇರೆ ಬೆಸ್ಕಾಂ ಮೀಟರ್ ಇದೆಯಾ, ಅದರ ಆರ್‌ಆರ್ ನಂಬರ್ ಯಾವುದು ಅಂತ ಕೇಳಿ ಬರೆದುಕೋ. ಬೇರೆ ಮೀಟರ್ ಇದ್ದರೆ ಬಾಡಿಗೆಯವರೂ ಗೃಹಜ್ಯೋತಿ ಮಾಡಿಸಿಕೊಳ್ಳಬಹುದು. ಹಿಂದೆ ಇದ್ದವರು ತಮ್ಮ ಆಧಾರ್ ಜೋಡಣೆ ತೆಗೆಸಿರಬೇಕು, ಅಷ್ಟೇ. ಒಂದೇ ಮೀಟರ್‌ನಿಂದ ಎಲ್ಲ ಮಹಡಿಗೂ ಕೊಟ್ಟು, ಒಳಗೆ ಸಬ್ ಮೀಟರ್ ಇಟ್ಟು ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡೋ ಕಡೆ ನಿನಗೆ ಆ ಅನುಕೂಲ ಇಲ್ಲ. ತಾರಸಿ ಮೇಲೆ ಶೀಟ್ ಹಾಕಿದ ರೂಮಿಗೆ ಪೆಂಟ್‌ಹೌಸ್ ಅಂತ ಹೆಸರಿಟ್ಟಿರುತ್ತಾರೆ, ಏಪ್ರಿಲ್‌ನಲ್ಲಿ ಅಲ್ಲಿ ಮಲಗೋಕಾಗಲ್ಲ.

ಈಗ ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಹಳೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಚೌಕಾಸಿ ಮಾಡು. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ತಗೋಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರೆ ಮಾತ್ರ ನಡೆಯುತ್ತೆ. ಅದನ್ನು ಹಿಡಿದು ವಾದ ಮಾಡಿದರೆ ಮನೆ ಸಿಗಲ್ಲ. ಅಡ್ವಾನ್ಸ್ ಬ್ಯಾಂಕಿನಿಂದಲೇ ಕಳಿಸು, ನಗದು ಕೊಡಬೇಡ. ಕಳಿಸುವ ಮೊದಲು ಬೆಸ್ಕಾಂ ಬಿಲ್ಲಿನಲ್ಲೋ ಕಂದಾಯದ ರಸೀದಿಯಲ್ಲೋ ಇರೋ ಹೆಸರೂ ಅಗ್ರಿಮೆಂಟಿನ ಹೆಸರೂ ಒಂದೇನಾ ಅಂತ ನೋಡು. ಬ್ರೋಕರ್ ಇದ್ದರೆ ಅವನಿಗೂ ಒಂದು ತಿಂಗಳ ಬಾಡಿಗೆ ಹೋಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿ. ಎಲ್ಲ ಸೇರಿ ಬಾಡಿಗೆ, ಮೇಂಟೆನೆನ್ಸ್, ನೀರು ನಿನ್ನ ಕೈಗೆ ಬರೋ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ಗೆಳತಿಯ ಜೊತೆ ಹಂಚಿಕೊಂಡರೆ ಇದು ಆಗುತ್ತೆ.

ನಿಮ್ಮಪ್ಪ ಅಡಿಕೆ ದುಡ್ಡು ಬಂದಿದೆ, ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಭೋಗ್ಯಕ್ಕೆ ಹಾಕಿಬಿಟ್ಟರೆ ತಿಂಗಳ ಬಾಡಿಗೆ ತಪ್ಪುತ್ತೆ ಅಂತಿದಾನೆ. ಬೇಡ ಅಂತ ಅವನಿಗೆ ಖಡಾಖಂಡಿತ ಹೇಳಿದೀನಿ. ನೀನೂ ಒಪ್ಪಬೇಡ. ಅಷ್ಟು ಲಕ್ಷ ಒಬ್ಬರ ಕೈಗೆ ಕೊಟ್ಟ ಮೇಲೆ ಆ ಕಟ್ಟಡದ ಮೇಲೆ ಬ್ಯಾಂಕ್ ಸಾಲ ಇದೆ ಅಂತ ಗೊತ್ತಾದರೆ? ಸಾಲ ಕಟ್ಟದೆ ಬ್ಯಾಂಕಿನವರು ಹರಾಜಿಗೆ ಬಂದರೆ ಭೋಗ್ಯದವರು ಬೀದಿಗೆ ಬರ್ತಾರೆ. ಮಾಲೀಕರಿಗೆ ತಿಂಗಳಾ ಬಾಡಿಗೆ ಕೊಟ್ಟು, ಒಳಗಿರೋರಿಂದ ಭೋಗ್ಯದ ದುಡ್ಡು ತಗೊಂಡು, ಒಂದು ದಿನ ಪರಾರಿಯಾಗುವ ಮಧ್ಯವರ್ತಿಗಳೂ ಇದ್ದಾರೆ. ಆಸ್ತಿ ಮೇಲಿನ ಸಾಲ ನೋಡೋಕೆ ಋಣಭಾರ ಪತ್ರ ತೆಗೆಸಿ, ಭೋಗ್ಯಪತ್ರ ರಿಜಿಸ್ಟರ್ ಮಾಡಿಸಿ ಹೋಗುವವರು ಹೋಗಲಿ. ಊರು ಹೊಸದು, ನಿನಗೆ ಆ ಭಾರ ಬೇಡ. ವರ್ಷವೆಲ್ಲ ತೋಟದಲ್ಲಿ ದುಡಿದ ದುಡ್ಡು ಅದು.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೆ ಹಾಗೆ. ಸಹಿಗೆ ಮುಂಚೆ ನಾಲ್ಕು ವಿಷಯ ಬರಹದಲ್ಲಿ ಇದೆಯಾ ನೋಡು: ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಬಾಡಿಗೆ ಯಾವಾಗ ಎಷ್ಟು ಏರುತ್ತೆ, ಬಣ್ಣಕ್ಕೆ ಅಂತ ಎಷ್ಟು ಮುರಿದುಕೊಳ್ತಾರೆ, ಅಡ್ವಾನ್ಸ್ ಯಾವತ್ತು ವಾಪಸ್. ಬಾಯಿಮಾತಿನ "ಅದೆಲ್ಲಾ ನೋಡೋಣ ಬಿಡಮ್ಮ" ಆಗಲ್ಲ. ಬೀಗ ಕೈಗೆ ಬಂದ ದಿನವೇ, ಸಾಮಾನು ಇಡುವ ಮೊದಲು, ಗೋಡೆ, ಬಚ್ಚಲು, ಕಿಟಕಿ, ಫ್ಯಾನು ಎಲ್ಲ ವಿಡಿಯೊ ಮಾಡಿ ಮಾಲೀಕರಿಗೂ ವಾಟ್ಸಾಪ್ ಮಾಡು. ವರ್ಷಕ್ಕೆ ಒಂದು ಲಕ್ಷ ದಾಟಿ ಬಾಡಿಗೆ ಕೊಟ್ಟು, ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿರೋ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳೋದಾದರೆ ಮಾಲೀಕರ ಪ್ಯಾನ್ ನಂಬರ್ ಬೇಕಾಗುತ್ತೆ. ಕೊಡ್ತಾರಾ ಅಂತ ಮೊದಲೇ ಕೇಳು.

ಹುಡುಗಿಯರಿಗೆ ಕೊಡಲ್ಲ, ಯಾವ ಜನ, ಏನು ಊಟ ಅಂತೆಲ್ಲ ಕೇಳುವವರು ಸಿಗ್ತಾರೆ. ಮನಸ್ಸಿಗೆ ಬೇಜಾರಾಗುತ್ತೆ. ಅಂಥ ಕಡೆ ಬೇಡಿಕೊಂಡು ಮನೆ ಹಿಡಿಯಬೇಡ, ಒಳಗೆ ಹೋದ ಮೇಲೂ ಆ ಕಣ್ಣು ನಿನ್ನ ಮೇಲೇ ಇರುತ್ತೆ. ಆದರೆ ಎಲ್ಲ ಮಾಲೀಕರೂ ಹಾಗಲ್ಲ. ಇಲ್ಲಿ ವಿದ್ಯಾನಗರದಲ್ಲಿ ನಮ್ಮ ಮಹಡಿ ಮನೆಯನ್ನು ಕಾಲೇಜು ಹುಡುಗಿಯರಿಗೇ ಕೊಟ್ಟಿದೀನಿ. ಬಾಡಿಗೆಗೆ ಕೊಡೋರ ಭಯ ಏನು ಅಂತ ನನಗೆ ಗೊತ್ತು. ಬಾಡಿಗೆ ತಾರೀಖಿಗೆ ಬರುತ್ತಾ, ಬಿಡು ಅಂದಾಗ ಬಿಡ್ತಾರಾ, ಇಷ್ಟೇ. ಕಂಪನಿ ಆಫರ್ ಲೆಟರ್ ತೋರಿಸಿ, ಅಪ್ಪನ ಜೊತೆ ಫೋನಿನಲ್ಲಿ ಒಂದು ಮಾತಾಡಿಸು. ಅರ್ಧ ಕೆಲಸ ಅಲ್ಲೇ ಆಗುತ್ತೆ.

ಪಿಜಿಗೆ ಸೇರಿದ ತಕ್ಷಣ ವಿಳಾಸ ಕಳಿಸು. ಮನೆ ಹುಡುಕುವಾಗ ಎರಡು ಮೂರು ಇಷ್ಟವಾದವನ್ನು ಗುರುತು ಹಾಕಿಕೊಂಡಿರು, ನಾನೂ ನಿಮ್ಮಪ್ಪನೂ ಶನಿವಾರ ರೈಲಿಗೆ ಬಂದು ಒಟ್ಟಿಗೆ ನೋಡ್ತೀವಿ. ಅಗ್ರಿಮೆಂಟಿನ ಕರಡು ಸಿಕ್ಕಿದರೆ ಸಹಿ ಮಾಡದೆ ಫೋಟೊ ತೆಗೆದು ನನಗೆ ಕಳಿಸು, ಓದಿ ಅವತ್ತೇ ಫೋನ್ ಮಾಡ್ತೀನಿ. ಗ್ಯಾಸ್ ಒಲೆ, ಕುಕ್ಕರ್ ಅಲ್ಲಿ ಕೊಳ್ಳಬೇಡ, ನಮ್ಮನೇಲಿ ಒಂದು ಜೊತೆ ಜಾಸ್ತಿ ಇದೆ, ಬರುವಾಗ ತರ್ತೀನಿ.

ಇಂತಿ,
ನಿನ್ನ ಸೋದರತ್ತೆ