ಕಾಕಾ ಅವರಿಗೆ, ಐದು ಸಲದ ಕರೆಂಟಿನ ಬಗ್ಗೆ

ಮ್ಯಾಂಚೆಸ್ಟರ್

ತೀರ್ಥರೂಪ ಕಾಕಾ ಅವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ಕಲಬುರಗಿಯಿಂದ ಕಳಿಸಿದ ರಿಪೋರ್ಟ್ ಎಲ್ಲಾ ನೋಡೀನಿ. ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಂದದ. ಪಿಎಸ್ಎ (ರಕ್ತದಾಗ ಪ್ರಾಸ್ಟೇಟಿನ ಪ್ರೋಟೀನ್ ಅಳಿಯೋ ಪರೀಕ್ಷಾ) 11, ಗ್ಲೀಸನ್ (ತುಣುಕು ನೋಡಿ ಕ್ಯಾನ್ಸರ್ ಎಷ್ಟು ಜೋರದ ಅಂತ ಹೇಳೋ ಅಂಕಿ) 3+4, ಗಡ್ಡಿ ಪ್ರಾಸ್ಟೇಟ್ ಗ್ರಂಥಿ ದಾಟಿ ಹೊರಗ ಹೋಗಿಲ್ಲ. ಹೈದರಾಬಾದಿನ ಡಾಕ್ಟರ್ ಕರೆಂಟ್, ಅಂದ್ರ ಕಿರಣದ ಚಿಕಿತ್ಸಾ, 20 ಸಲ ಇಲ್ಲಾ ಐದೇ ಸಲ ಅಂತ ಎರಡು ದಾರಿ ಹೇಳ್ಯಾರ. ಐದು ಸಲದಾಗ ಮುಗಿಸಿದ್ರ ರೋಗ ಅರ್ಧಾ ಉಳೀತದೇನೋ ಅಂತ ಕಾಕು ಅಂಜ್ಯಾರ. ಆ ಅಂಜಿಕಿ ಬ್ಯಾಡ್ರಿ. ಇದೇ ಪ್ರಶ್ನಾದ ಸಲುವಾಗಿ ದೊಡ್ಡ ಪ್ರಯೋಗ ಆಗಿ ಮುಗದದ.

ಅದರ ಹೆಸರು ಪೇಸ್-ಬಿ. ಬ್ರಿಟನ್, ಐರ್ಲೆಂಡ್, ಕೆನಡಾದ 874 ಮಂದಿಯನ್ನ ಕಂಪ್ಯೂಟರ್ ಚೀಟಿ ಎತ್ತಿದಂಗ ಎರಡು ಗುಂಪು ಮಾಡ್ತು. ಒಂದು ಗುಂಪಿಗೆ ಐದು ಸಲದಾಗ 36.25 ಗ್ರೇ (ಗ್ರೇ ಅನ್ನೋದು ಕಿರಣದ ಅಳತಿ), ಅಂದ್ರ ಒಂದು ಸಲಕ್ಕ 7.25 ಗ್ರೇ. ಇನ್ನೊಂದಕ್ಕ ಹಳೇ ಪದ್ಧತಿ: 39 ಸಲದಾಗ 78 ಗ್ರೇ, ಇಲ್ಲಾ 20 ಸಲದಾಗ 62 ಗ್ರೇ. 2024ರಾಗ ಐದು ವರ್ಷದ ಫಲಿತಾಂಶ ಬಂತು. ರೋಗ ತಿರುಗಿ ಬರದೇ ಇದ್ದವರು ಐದು ಸಲದ ಗುಂಪಿನಾಗ 95.8%, ಹಳೇ ಪದ್ಧತಿಯಾಗ 94.6%. ಒಟ್ಟು ಗ್ರೇ ಕಡಿಮಿ ಕಂಡ್ರೂ ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಕ್ಕ ಒಮ್ಮೆಲೇ ಬಿದ್ದ ದೊಡ್ಡ ಪೆಟ್ಟಿನಿಂದ ಸುಧಾರಿಸಿಕೊಳ್ಳೋದು ಕಷ್ಟ, ಅದಕ್ಕೇ ಕಡಿಮಿ ಸಲದಾಗ ಕೆಲಸ ಆಗ್ತದ. ಪಿಎಸ್ಎ 20ರ ಒಳಗ, ಗ್ಲೀಸನ್ 3+4ರ ತನಕ ಇದ್ದವರನ್ನೇ ಅದರಾಗ ತಗೊಂಡಿದ್ರು, ನೀವು ಅದರಾಗ ಕೂಡ್ತೀರಿ. ಅವರ್ಯಾರಿಗೂ ಹಾರ್ಮೋನ್ ಇಂಜೆಕ್ಷನ್ ಇರಲಿಲ್ಲ. ನಿಮಗ ಅದನ್ನೂ ಸೇರಿಸಿದ್ರ ಯಾಕಂತ ಕೇಳ್ರಿ.

ಇದರಾಗ ಒಂದು ತೊಂದ್ರಿನೂ ಅದ. ಐದು ವರ್ಷದ ಒಳಗ ಯಾವಾಗರೆ ಔಷಧ ಬೇಕಾಗೋವಷ್ಟು ಮೂತ್ರದ ತ್ರಾಸು ಆದವರು ಐದು ಸಲದ ಗುಂಪಿನಾಗ 26.9%, ಹಳೇ ಪದ್ಧತಿಯಾಗ 18.3%. ಕರುಳಿನ ತ್ರಾಸು ಮಾತ್ರ ಸಮಸಮ, 10.7% ಮತ್ತ 10.2%. ಹಂಗಾಗಿ ನಿಮ್ಮ ಒಂದಕ್ಕ ಹೋಗೋ ಪರಿಸ್ಥಿತಿ ಈಗ ಹೆಂಗದ ಅನ್ನೋದು ಮುಖ್ಯ. ರಾತ್ರಿ ಎಷ್ಟು ಸಲ ಏಳ್ತೀರಿ, ಧಾರ ಸಣ್ಣ ಆಗ್ಯಾದೇನು, ಪೂರಾ ಖಾಲಿ ಆದಂಗ ಅನಸ್ತದೇನು, ಇವನ್ನ ನಾಚಿಕೊಳ್ಳದೇ ಹೇಳ್ರಿ. ಧಾರದ ವೇಗ ಅಳಿಯೋ ಪರೀಕ್ಷಾ, ಸ್ಕ್ಯಾನಿನಾಗ ಉಳಿದ ಮೂತ್ರದ ಅಳತಿ, ಎರಡೂ ಮಾಡಿಸ್ರಿ. ಗ್ರಂಥಿ ಭಾಳ ದೊಡ್ಡದಿದ್ದು ಈಗಾಗಲೇ ಅಡಚಣಿ ಇದ್ರ, 20 ಸಲದ ದಾರಿನೇ ಚಲೋ ಅಂತ ನನ್ನ ಅಭಿಪ್ರಾಯ.

ಶುರು ಆಗೋದಕ್ಕಿಂತ ಮೊದಲು ಅಕ್ಕಿಕಾಳಿಗಿಂತ ಸಣ್ಣ ಬಂಗಾರದ ಗುರುತುಗಳನ್ನ ಸೂಜಿಯಿಂದ ಗ್ರಂಥಿ ಒಳಗ ಇಡ್ತಾರ, ಸಾಮಾನ್ಯವಾಗಿ ಮೂರು. ರಕ್ತ ತೆಳು ಮಾಡೋ ಗುಳಿಗಿ ತಗೋತೀರಲ್ಲ, ಅದನ್ನ ಆಗಲೇ ಹೇಳ್ರಿ, ಸ್ವಂತ ಬುದ್ಧಿಯಿಂದ ಮಾತ್ರ ನಿಲ್ಲಿಸಬ್ಯಾಡ್ರಿ. ಬಾವು ಇಳಿಲಿಕ್ಕ ಒಂದು ವಾರ ಬಿಟ್ಟು ಸಿಟಿ, ಎಂಆರ್‌ಐ ತಗೋತಾರ. ಆ ದಿನ ಮೂತ್ರಚೀಲ ಎಷ್ಟು ತುಂಬಿತ್ತು, ಕರುಳು ಎಷ್ಟು ಖಾಲಿ ಇತ್ತು, ಅದರ ಮ್ಯಾಲೇ ಇಡೀ ಪ್ಲಾನ್ ಕೂಡ್ತದ. ಮುಂದ ಐದೂ ಸಲ ಅದೇ ಸ್ಥಿತಿ ಬೇಕು.

ಕೆಲಸ ಕೆಡೋದು ಇಲ್ಲೇ. ಗ್ರಂಥಿ ಸುತ್ತ ಕಿರಣಕ್ಕ ಹೆಚ್ಚಿಗಿ ಹಿಡಿಯೋ ಜಾಗ ಬರೇ 4–5 ಮಿಲಿಮೀಟರ್, ಹಿಂದ ಗುದನಾಳದ ಕಡೆ ಇನ್ನೂ ಕಡಿಮಿ. ಗುದನಾಳದಾಗ ಗ್ಯಾಸ್ ತುಂಬಿದ್ರ ಗ್ರಂಥಿ ಮುಂದಕ್ಕ ಸರೀತದ. ಮೂತ್ರಚೀಲ ಖಾಲಿ ಇದ್ರ ಸಣ್ಣ ಕರುಳು ಕೆಳಗ ಇಳದು ಕಿರಣದ ದಾರಿಗಿ ಬರ್ತದ. 39 ಸಲದಾಗ ಒಂದು ಸಲ ಸ್ವಲ್ಪ ತಪ್ಪಿದ್ರ ಉಳಿದವು ಸರಿದೂಗಿಸ್ತಾವ. ಐದರಾಗ ಒಂದು ತಪ್ಪಿದ್ರ ಐದನೇ ಒಂದು ಭಾಗ ಹೋತು. ಅದಕ್ಕ ಪ್ರತಿ ಸಲ ಮಶಿನ್ ಮ್ಯಾಲೇ ಸ್ಕ್ಯಾನ್ ಮಾಡಿ, ಗುರುತು ಕೂಡಿಸಿ, ಆಮ್ಯಾಲ ಕಿರಣ ಬಿಡ್ತಾರ. ಗ್ಯಾಸ್ ಕಂಡ್ರ ಕೆಳಗ ಇಳಿಸಿ ಸಂಡಾಸಕ್ಕ ಹೋಗಿ ಬರ್ರಿ ಅಂತಾರ. ಬ್ಯಾಸರ ಮಾಡ್ಕೋಬ್ಯಾಡ್ರಿ, ಹಂಗ ಇಳಿಸೋ ಮಂದಿ ಕೆಲಸ ತಿಳಿದವರು.

ಮನ್ಯಾಗ ಮಾಡೋದು ಇಷ್ಟು. ಸ್ಕ್ಯಾನಿಗಿಂತ ಮೂರ್ನಾಲ್ಕು ದಿನ ಮೊದಲಿಂದ ಮಡಕಿ ಕಾಳು, ಕಡ್ಲಿಬ್ಯಾಳಿ, ಹಸಿ ಉಳ್ಳಾಗಡ್ಡಿ, ಸೋಡಾ ಬಿಡ್ರಿ. ಜೋಳದ ರೊಟ್ಟಿ ಬಿಡೋದು ಬ್ಯಾಡ, ಒಮ್ಮೆಲೇ ಬಿಟ್ರ ಮಲ ಕಟ್ತದ. ಆ ದಿನ ಅವರು ಕೊಟ್ಟ ಸಣ್ಣ ಎನಿಮಾ ಹಾಕ್ಕೊಂಡು ಖಾಲಿ ಮಾಡ್ರಿ, ಆಮ್ಯಾಲ ಮೂತ್ರನೂ ಖಾಲಿ ಮಾಡಿ ಅವರು ಹೇಳಿದಷ್ಟೇ ನೀರು ಕುಡದು ಹೇಳಿದಷ್ಟೇ ಹೊತ್ತು ಕೂಡ್ರಿ. ನಮ್ಮ ಕಡಿ ಬ್ಯಾಸಿಗಿಯಾಗ ಮೈ ಒಣಗಿರ್ತದ, ಕುಡದ ನೀರು ಮೂತ್ರಚೀಲಕ್ಕ ಇಳಿಲಿಕ್ಕ ತಡ ಆಗ್ತದ. ಹಿಂದಿನ ದಿನದಿಂದಲೇ ಸರಿಯಾಗಿ ಕುಡೀರಿ. ಒಂದು ದಿನ ಬಿಟ್ಟು ಒಂದು ದಿನ ಕೊಡೋದಾದ್ರ ನಡುವ ಕಲಬುರಗಿಗಿ ಓಡಾಡಬ್ಯಾಡ್ರಿ. ರೈಲಿನ ಧಾವತಿ, ಹೊತ್ತಿಲ್ಲದ ಹೊತ್ತಿನ ಊಟ ಎರಡೂ ಹೊಟ್ಟಿ ಕೆಡಸ್ತಾವ. ಆ ಎರಡು ವಾರ ಆಸ್ಪತ್ರಿ ಹತ್ರನೇ ಇರ್ರಿ.

ಆದ ಮ್ಯಾಲ ಕೆಲವು ವಾರ ಉರಿ, ಅವಸರ, ಸಣ್ಣ ಧಾರ ಇರಬಹುದು, ಅದಕ್ಕ ಗುಳಿಗಿ ಕೊಡ್ತಾರ. ಮೂತ್ರ ಪೂರ್ತಿ ಕಟ್ಟಿದ್ರ ಬೆಳಗಿನ ತನಕ ಕಾಯಬ್ಯಾಡ್ರಿ, ಅದೇ ಹೊತ್ತಿಗೆ ಆಸ್ಪತ್ರಿಗಿ ಹೋಗ್ರಿ. ಮೈಯಾಗ ಕಿರಣ ಉಳಿಯೋದಿಲ್ಲ, ಮೊಮ್ಮಕ್ಕಳನ್ನ ಎತ್ತಿಕೊಳ್ರಿ. ಮುಂದ ಯಾವಾಗರೆ ಸಂಡಾಸದಾಗ ರಕ್ತ ಕಂಡು ದುರ್ಬೀನು ಹಾಕೋ ಪ್ರಸಂಗ ಬಂದ್ರ, ಪ್ರಾಸ್ಟೇಟಿಗಿ ಕರೆಂಟ್ ಆಗ್ಯಾದ ಅಂತ ಮೊದಲೇ ಹೇಳ್ರಿ. ಗುದನಾಳದ ಮುಂದಿನ ಗ್ವಾಡಿಯಿಂದ ತುಣುಕು ತಗದ್ರ ಆ ಗಾಯ ಮಾಯದೇ ಹುಣ್ಣಾಗೋ ಅಪಾಯ ಅದ.

ಪಿಎಸ್ಎ ಒಮ್ಮೆಲೇ ಇಳಿಯಂಗಿಲ್ಲ, ಇಳಿಲಿಕ್ಕ ವರ್ಷಗಟ್ಟಲೇ ಹಿಡೀತದ. ನಡುವ ಒಂದು ಸಲ ಸ್ವಲ್ಪ ಏರಿ ತಾನೇ ಇಳಿಯೋದೂ ಉಂಟು. ಎಲ್ಲಕ್ಕಿಂತ ಕೆಳಗ ಇಳಿದ ಸಂಖ್ಯಾಕ್ಕಿಂತ 2 ಮ್ಯಾಲ ಏರಿದ್ರ ಆಗ ರೋಗ ತಿರುಗಿ ಬಂದದ ಅಂತ ಹಿಡೀತಾರ. ಪ್ರತಿ ಸಲ ಒಂದೇ ಲ್ಯಾಬಿನಾಗ ಮಾಡಿಸಿ, ತಾರೀಖು ಹಾಕಿ ಒಂದು ವಹಿಯಾಗ ಬರದಿಡ್ರಿ.

ಹೈದರಾಬಾದಿಗಿ ಹೋದಾಗ ಮೂರು ಮಾತು ಕೇಳಿ ಬರ್ರಿ: ಗ್ರಂಥಿ ಎಷ್ಟು ಸಿಸಿ ಅದ, ಪ್ರತಿ ಸಲ ಮಶಿನ್ ಮ್ಯಾಲ ಸ್ಕ್ಯಾನ್ ಮಾಡ್ತೀರೇನು, ಈ ಐದು ಸಲದ ಪದ್ಧತಿ ನಿಮ್ಮಲ್ಲಿ ವರ್ಷಕ್ಕ ಎಷ್ಟು ಮಂದಿಗಿ ಮಾಡ್ತೀರಿ. ಉತ್ತರ ಫೋನಿನಾಗ ಹೇಳ್ರಿ, ಆಮ್ಯಾಲ ಕೂಡಿ ನಿರ್ಧಾರ ಮಾಡೋಣು. ಕಾಕುಗ ನಮಸ್ಕಾರ.

ನಿಮ್ಮ ಮಗಳು,
ಸುಮಾ