ಪುಟ್ಟಿಗೊಂದು ಪತ್ರ: ಆಂಪ್‌ನ ಇನ್‌ಪುಟ್ ಕಡೆಯೂ ಒಮ್ಮೆ ನೋಡು

ಚಿಂತಾಮಣಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಫೋಟೋ ನೋಡಿದೆ, ಹ್ಯಾಮ್ ರೇಡಿಯೋಗೆ ಆಂಪ್ (5 ವಾಟನ್ನು 50 ವಾಟ್‌ಗೆ ಏರಿಸುವ ಆಂಪ್ಲಿಫೈಯರ್) ಸೇರಿಸಿದರೆ ಎಸ್‌ಡಬ್ಲ್ಯುಆರ್ ಕೆಡುತ್ತದೆ ಅನ್ನೋ ವಾಯ್ಸ್ ಮೆಸೇಜೂ ಕೇಳಿದೆ. ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಸಂಖ್ಯೆ, 1 ಇದ್ದರೆ ಏನೂ ವಾಪಸ್ ಬರುತ್ತಿಲ್ಲ ಅಂತ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಅಲ್ಲೇ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೊದಲು ಒಂದು ಮಾತು. ತಾರಸಿ ಮೇಲಿನ ಡೈಪೋಲ್ ಆಂಟೆನಾದ ತಂತಿಯನ್ನು ಇನ್ನು ಒಂದು ಇಂಚೂ ಕತ್ತರಿಸಬೇಡ. ಆಂಟೆನಾ ಸರಿಯಾಗೇ ಇದೆ.

ಉತ್ತರ ನಿನ್ನ ಮೆಸೇಜಿನಲ್ಲೇ ಇದೆ ನೋಡು. ಆಂಪ್ ಆಫ್ ಇದ್ದಾಗ 10 ಮೀಟರ್ ಬ್ಯಾಂಡಿನಲ್ಲಿ (28 ಮೆಗಾಹರ್ಟ್ಸ್) ರಿಗ್, ಅಂದರೆ ನಿನ್ನ ರೇಡಿಯೋ, 1.3 ಎಸ್‌ಡಬ್ಲ್ಯುಆರ್ ತೋರಿಸುತ್ತದೆ, ಆಂಪ್ ಆನ್ ಮಾಡಿ ಪಿಟಿಟಿ (ಮಾತು ಕಳಿಸುವ ಬಟನ್) ಒತ್ತಿದರೆ 2.8ಕ್ಕೆ ಹೋಗುತ್ತದೆ ಅಂದೆ ಅಲ್ವಾ? ಆಂಪ್ ಆಫ್ ಇದ್ದಾಗ ರಿಲೇ ಅನ್ನೋ ಸ್ವಿಚ್ ಮೂಲಕ ರಿಗ್ ನೇರವಾಗಿ ಆಂಟೆನಾಕ್ಕೆ ಸೇರಿರುತ್ತದೆ. ಆಗ ಮೀಟರ್ ಹೇಳುವುದು ಆಂಟೆನಾ ಕಥೆ. ಆನ್ ಮಾಡಿ ಪಿಟಿಟಿ ಒತ್ತಿದ ಕ್ಷಣದಿಂದ ರಿಗ್‌ಗೆ ಆಂಟೆನಾ ನೇರವಾಗಿ ಕಾಣುವುದಿಲ್ಲ, ಕಾಣುವುದು ಆಂಪ್‌ನ ಇನ್‌ಪುಟ್ ಮಾತ್ರ. 2.8 ಅನ್ನೋದು ಆ ಇನ್‌ಪುಟ್‌ನ ಲೆಕ್ಕ. ನೀನು ತಾರಸಿ ಹತ್ತಿ ಇಳಿದು ತಂತಿ ಎಷ್ಟು ಎಳೆದರೂ ಅದು ಸರಿಹೋಗುವುದಿಲ್ಲ.

2.8 ಅಂದರೆ ರಿಗ್ ಕಳಿಸಿದ ಪವರ್‌ನಲ್ಲಿ ನೂರಕ್ಕೆ ಸುಮಾರು 22 ಭಾಗ ವಾಪಸ್ ಬರುತ್ತಿದೆ. 2 ಇದ್ದರೆ 11 ಭಾಗ, 1.5 ಇದ್ದರೆ ಬರೀ 4 ಭಾಗ. ಇದರಿಂದ ಆಂಪ್‌ಗೆ ತೊಂದರೆ ಇಲ್ಲ, ಪೆಟ್ಟು ಬೀಳುವುದು ನಿನ್ನ 5 ವಾಟ್ ರಿಗ್‌ನ ಫೈನಲ್ ಟ್ರಾನ್ಸಿಸ್ಟರ್‌ಗಳಿಗೆ. ಒಳ್ಳೆಯ ರಿಗ್ ಆದರೆ ತಾನೇ ಪವರ್ ಇಳಿಸಿಕೊಳ್ಳುತ್ತದೆ. ಆಗ ಆಂಪ್‌ಗೆ 5 ವಾಟ್ ಬದಲು ಎರಡೋ ಮೂರೋ ವಾಟ್ ಸಿಗುತ್ತದೆ, ಔಟ್‌ಪುಟ್ ಕಮ್ಮಿಯಾಗುತ್ತದೆ, ಆಂಪ್ ಸರಿಯಿಲ್ಲ ಅಂದುಕೊಂಡು ಜನ ಬಯಾಸ್ (ಟ್ರಾನ್ಸಿಸ್ಟರ್‌ಗೆ ಮೊದಲೇ ಕೊಟ್ಟಿರುವ ವೋಲ್ಟೇಜ್) ತಿರುಗಿಸುತ್ತಾರೆ, ಇಲ್ಲ ವೋಲ್ಟೇಜ್ ಏರಿಸುತ್ತಾರೆ, ಕೊನೆಗೆ ಆಂಪ್‌ನೊಳಗಿನ ಮಾಸ್‌ಫೆಟ್ (ಪವರ್ ಏರಿಸುವ ಟ್ರಾನ್ಸಿಸ್ಟರ್) ಸುಟ್ಟುಹೋಗುತ್ತದೆ. ನೀನು ದಯವಿಟ್ಟು ಬಯಾಸ್ ಮುಟ್ಟಬೇಡ.

ಈಗ ಅಳತೆಗೆ ಬಾ. ಆಂಪ್‌ನ ಔಟ್‌ಪುಟ್‌ಗೆ ಆಂಟೆನಾ ಬೇಡ, 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ನುಂಗಿಕೊಳ್ಳುವ ರೆಸಿಸ್ಟರ್) ಹಾಕು. ಯಾಕಂದರೆ ಈ ಥರದ ಆಂಪ್‌ಗಳಲ್ಲಿ ಮಾಸ್‌ಫೆಟ್‌ನ ಔಟ್‌ಪುಟ್ ಕಾಲಾದ ಡ್ರೈನ್‌ನಿಂದ ಇನ್‌ಪುಟ್ ಕಾಲಾದ ಗೇಟ್‌ಗೆ ಫೀಡ್‌ಬ್ಯಾಕ್ ಇರುತ್ತದೆ, ಔಟ್‌ಪುಟ್ ಕಡೆ ಲೋಡ್ ಕೆಟ್ಟಿದ್ದರೆ ಇನ್‌ಪುಟ್ ಕಡೆಯ ಅಳತೆಯೂ ಕದಡುತ್ತದೆ. ರಿಗ್‌ಗೂ ಆಂಪ್‌ಗೂ ನಡುವೆ ಎಸ್‌ಡಬ್ಲ್ಯುಆರ್ ಮೀಟರ್ ಇಡು. ಪ್ರತಿ ಬ್ಯಾಂಡಿನಲ್ಲೂ ಒಂದೆರಡು ಸೆಕೆಂಡ್ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಕೊಟ್ಟು ಓದಿ ಬರೆದುಕೋ. ಬ್ಯಾಂಡ್ ಬದಲಿಸಿದಾಗ ಲೋ ಪಾಸ್ ಫಿಲ್ಟರ್ (ಬ್ಯಾಂಡಿಗಿಂತ ಮೇಲಿನ ಬೇಡದ ಸಿಗ್ನಲ್ ತಡೆಯುವಂಥದ್ದು) ಸ್ವಿಚ್ಚನ್ನೂ ಬದಲಿಸಲು ಮರೀಬೇಡ.

ಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡ. ಅಗ್ಗದ ಮೀಟರ್‌ಗಳಲ್ಲಿ ಡಯೋಡ್ ಇರುತ್ತದಲ್ಲ, ಪವರ್ ಕಮ್ಮಿ ಇದ್ದಾಗ ವಾಪಸ್ ಬರುವ ಚೂರು ಸಿಗ್ನಲ್ ಆ ಡಯೋಡನ್ನು ಸರಿಯಾಗಿ ಎಬ್ಬಿಸುವುದೇ ಇಲ್ಲ. ಹಾಗಾಗಿ 5 ವಾಟ್‌ನಲ್ಲಿ ಎಸ್‌ಡಬ್ಲ್ಯುಆರ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಎರಡು 50 ಓಮ್ ಡಮ್ಮಿ ಲೋಡ್‌ಗಳನ್ನು ಟಿ ಕನೆಕ್ಟರ್‌ನಲ್ಲಿ ಪ್ಯಾರಲಲ್ ಹಾಕಿದರೆ 25 ಓಮ್ ಆಗುತ್ತದೆ, ಮೀಟರ್ 2 ತೋರಿಸಬೇಕು. 1.5 ತೋರಿಸಿದರೆ ಆ ಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಅಂತ ನಿನಗೆ ಗೊತ್ತಾಯಿತು, ಮುಂದೆ ಅದನ್ನು ಲೆಕ್ಕಕ್ಕೆ ತಗೊಂಡು ಓದು.

ನ್ಯಾನೋವಿಎನ್‌ಎ (ಸಣ್ಣ ಸಿಗ್ನಲ್ ಕಳಿಸಿ ಎಸ್‌ಡಬ್ಲ್ಯುಆರ್ ಅಳೆಯುವ ಪುಟ್ಟ ಉಪಕರಣ) ಇದೆ, ಅದರಲ್ಲೇ ನೋಡಲಾ ಅಂತ ಕೇಳಿದ್ದೆ. ನೋಡಬಹುದು. ಆದರೆ ಆಂಪ್‌ಗೆ ಕರೆಂಟ್ ಕೊಟ್ಟು, ಪಿಟಿಟಿ ಲೈನನ್ನು ಕೈಯಲ್ಲೇ ಗ್ರೌಂಡ್ ಮಾಡಿ, ಬಯಾಸ್ ಆನ್ ಆಗಿದ್ದಾಗ ನೋಡಬೇಕು, ಔಟ್‌ಪುಟ್‌ನಲ್ಲಿ ಡಮ್ಮಿ ಲೋಡ್ ಇರಲೇಬೇಕು. ಸಣ್ಣ ಸಿಗ್ನಲ್‌ಗೆ ಬಂದ ಅಳತೆ 5 ವಾಟ್ ಡ್ರೈವ್‌ನಲ್ಲಿ ಹಾಗೇ ಇರುವುದಿಲ್ಲ, ಏಕೆಂದರೆ ಮಾಸ್‌ಫೆಟ್‌ನ ಒಳಗಿನ ಕೆಪಾಸಿಟೆನ್ಸ್ ವೋಲ್ಟೇಜ್ ಜೊತೆ ಬದಲಾಗುತ್ತದೆ. ಯಾವ ಕಡೆ ಎಳೆಯುತ್ತಿದೆ ಅಂತ ತಿಳಿಯಲು ಅದು ಸಾಕು, ಕೊನೆಯ ತೀರ್ಮಾನ ಮೀಟರಿನಲ್ಲೇ ಆಗಲಿ.

ಇನ್ನು ಮುಖ್ಯ ವಿಷಯ. 40 ಮೀಟರ್‌ನಲ್ಲಿ 1.4, 10 ಮೀಟರ್‌ನಲ್ಲಿ 2.8 ಅಂದೆ. ಬ್ಯಾಂಡ್ ಮೇಲೆ ಹೋದ ಹಾಗೆ ಕೆಡುತ್ತಿದೆ ಅನ್ನೋದು ದೊಡ್ಡ ಸುಳಿವು. ನಿನ್ನ ಕಿಟ್‌ನಲ್ಲಿರುವ ಐಆರ್‌ಎಫ್530 ರೇಡಿಯೋಗೆ ಅಂತ ಮಾಡಿದ ಮಾಸ್‌ಫೆಟ್ ಅಲ್ಲ, ಪವರ್ ಸಪ್ಲೈ, ಮೋಟರ್ ಕಂಟ್ರೋಲ್ ಥರದ ಸ್ವಿಚಿಂಗ್ ಕೆಲಸಕ್ಕೆ ಮಾಡಿದ್ದು. ಅದರ ಗೇಟ್‌ನ ಇನ್‌ಪುಟ್ ಕೆಪಾಸಿಟೆನ್ಸ್ ಸುಮಾರು 670 ಪಿಕೋಫ್ಯಾರಡ್. 7 ಮೆಗಾಹರ್ಟ್ಸ್‌ನಲ್ಲಿ (ಅಂದರೆ 40 ಮೀಟರ್) ಅದು ಸುಮಾರು 34 ಓಮ್‌ನಂತೆ ನಡೆದುಕೊಳ್ಳುತ್ತದೆ, 28 ಮೆಗಾಹರ್ಟ್ಸ್‌ನಲ್ಲಿ ಬರೀ ಎಂಟೂವರೆ ಓಮ್. ನೀನು ಕಳಿಸಿದ ಸಿಗ್ನಲ್ ಗೇಟ್‌ನಲ್ಲೇ ಶಾರ್ಟ್ ಆದ ಹಾಗೆ ಲೆಕ್ಕ. ಅದರ ಜೊತೆಗೆ ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಲೀಕೇಜ್ ಇಂಡಕ್ಟೆನ್ಸ್ (ಎರಡು ಸುತ್ತುಗಳು ಪೂರ್ತಿ ಕೂಡದೆ ಉಳಿಯುವ ಇಂಡಕ್ಟೆನ್ಸ್) ಬೇರೆ ಸೇರುತ್ತದೆ. ಐಆರ್‌ಎಫ್510 ಆಗಿದ್ದರೆ ಕೆಪಾಸಿಟೆನ್ಸ್ 180ರ ಆಸುಪಾಸು ಇರುತ್ತದೆ, ಅದಕ್ಕೇ ಮನೆಯಲ್ಲಿ ಕಟ್ಟುವ ಸಣ್ಣ ರೇಡಿಯೋಗಳಲ್ಲಿ ಅದನ್ನೇ ಜಾಸ್ತಿ ಹಾಕುತ್ತಾರೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟೆಕ್ಸ್ ರೇಡಿಯೋಗಳಲ್ಲಿ ಇರುವುದೂ ಅದೇ.

ಇದರ ತಿರುಗುಮುರುಗು ಆಗಿದ್ದರೆ, ಅಂದರೆ 10 ಮೀಟರ್‌ನಲ್ಲಿ ಚೆನ್ನಾಗಿದ್ದು 80 ಮೀಟರ್‌ನಲ್ಲಿ ಕೆಟ್ಟಿದ್ದರೆ, ನಾನು ಫೆರೈಟ್ ಕೋರ್ ಮೇಲೆ ಅನುಮಾನ ಪಡುತ್ತಿದ್ದೆ. ಅತಿ ಕೆಳಗಿನ ಬ್ಯಾಂಡಿನಲ್ಲಿ ಪ್ರೈಮರಿ ಸುತ್ತಿನ ರಿಯಾಕ್ಟೆನ್ಸ್ 50 ಓಮ್‌ಗೆ ನಾಲ್ಕೈದು ಪಟ್ಟಾದರೂ ಇರಬೇಕು. ಸುತ್ತು ಕಮ್ಮಿಯಾದರೆ, ಇಲ್ಲ ಕೋರ್ ಬೇರೆ ಜಾತಿಯದಾದರೆ ಅಷ್ಟು ಬರುವುದಿಲ್ಲ. ನಿನ್ನ ಕೇಸ್ ಅದಲ್ಲ. ಎಲ್ಲ ಬ್ಯಾಂಡಿನಲ್ಲೂ ಒಂದೇ ಥರ ಕೆಟ್ಟಿದ್ದರೆ ಮಾತ್ರ ಜಂಪರ್ ಕೇಬಲ್, ಕನೆಕ್ಟರ್ ಬೆಸುಗೆ, ರಿಲೇ ಇವನ್ನು ನೋಡು. ಬೋರ್ಡಿನ ಇನ್‌ಪುಟ್‌ನಲ್ಲಿ ಆಗಲೇ ಅಟೆನ್ಯುಯೇಟರ್ ರೆಸಿಸ್ಟರ್‌ಗಳಿದ್ದರೆ ಅವು ಕಪ್ಪಾಗಿವೆಯೇ ನೋಡು, ಡ್ರೈವ್ ಜಾಸ್ತಿ ಕೊಟ್ಟಾಗ ಮೊದಲು ಸುಡುವುದು ಅವೇ.

ಪರಿಹಾರ ಎರಡಿದೆ. ಒಂದು, ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ರಿಗ್ ಕಡೆಯ ಸುತ್ತಿಗೆ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಹಾಕಿ ಲೀಕೇಜ್ ಇಂಡಕ್ಟೆನ್ಸನ್ನು ಸರಿದೂಗಿಸುವುದು. ಎಷ್ಟು ಪಿಕೋಫ್ಯಾರಡ್‌ನದು ಅಂತ ಈಗಲೇ ಹೇಳಕ್ಕಾಗಲ್ಲ, ಟ್ರಿಮ್ಮರ್ (ತಿರುಗಿಸಿ ಬದಲಿಸಬಹುದಾದ ಕೆಪಾಸಿಟರ್) ಹಾಕಿ 10 ಮೀಟರ್‌ನಲ್ಲಿ ಮೀಟರ್ ನೋಡುತ್ತಾ ತಿರುಗಿಸಬೇಕು, ಆಮೇಲೆ ಕೆಳಗಿನ ಬ್ಯಾಂಡ್‌ಗಳು ಕೆಟ್ಟಿಲ್ಲ ಅಂತ ಇನ್ನೊಮ್ಮೆ ನೋಡಬೇಕು.

ಎರಡನೆಯದು 3 ಡಿಬಿ ಪ್ಯಾಡ್, ಮೂರು ರೆಸಿಸ್ಟರ್‌ಗಳ ಅಟೆನ್ಯುಯೇಟರ್. ನನಗೆ ಇದೇ ಇಷ್ಟ. ಹೋಗುವ ಪವರ್ ಅರ್ಧ ಆಗುತ್ತದೆ, ವಾಪಸ್ ಬರುವುದೂ ಮತ್ತೆ ಅರ್ಧ ಆಗುತ್ತದೆ. ಹಾಗಾಗಿ ನಿನ್ನ 2.8 ರಿಗ್ ಕಡೆಯಿಂದ ನೋಡಿದಾಗ ಸುಮಾರು 1.6ಕ್ಕೆ ಇಳಿಯುತ್ತದೆ. ಇನ್ನೂ ಒಳ್ಳೆಯದು ಏನು ಗೊತ್ತಾ, ಆಂಪ್ ಒಳಗೆ ಏನೇ ಸುಟ್ಟು ಶಾರ್ಟ್ ಆದರೂ ರಿಗ್ 3ಕ್ಕಿಂತ ಕೆಟ್ಟ ಎಸ್‌ಡಬ್ಲ್ಯುಆರ್ ನೋಡುವುದೇ ಇಲ್ಲ. ಔಟ್‌ಪುಟ್ ಅರ್ಧ ಆಗುತ್ತಲ್ಲ ಅಂತ ಬೇಜಾರು ಮಾಡಿಕೋಬೇಡ. 3 ಡಿಬಿ ಅಂದರೆ ಆ ಕಡೆಯವರ ಎಸ್ ಮೀಟರಿನಲ್ಲಿ (ಬಂದ ಸಿಗ್ನಲ್‌ನ ಬಲ ತೋರಿಸುವ ಮೀಟರ್) ಅರ್ಧ ಎಸ್ ಯೂನಿಟ್, ಕೇಳುವವರಿಗೆ ವ್ಯತ್ಯಾಸ ಹೆಚ್ಚೇನೂ ತಿಳಿಯುವುದಿಲ್ಲ. 5 ವಾಟ್‌ನಿಂದ 50 ವಾಟ್‌ಗೆ ಹೋದರೂ ಪೂರ್ತಿ ಎರಡು ಎಸ್ ಯೂನಿಟ್ ಏರಲ್ಲ.

ಸರ್ಕ್ಯೂಟ್ ಹೀಗೆ: ಸಿಗ್ನಲ್ ದಾರಿಯಲ್ಲಿ 18 ಓಮ್, ಅದರ ಎರಡು ತುದಿಯಿಂದಲೂ ಗ್ರೌಂಡ್‌ಗೆ 300 ಓಮ್ ಒಂದೊಂದು. 5 ವಾಟ್ ಕೊಟ್ಟಾಗ 18 ಓಮ್‌ನಲ್ಲಿ ಸುಮಾರು 1.2 ವಾಟ್ ಬಿಸಿಯಾಗುತ್ತದೆ, ರಿಗ್ ಕಡೆಯ 300 ಓಮ್‌ನಲ್ಲಿ 0.85 ವಾಟ್, ಆ ಕಡೆಯದರಲ್ಲಿ ಅದರ ಅರ್ಧ. ಹಾಗಾಗಿ 18 ಓಮ್‌ಗೆ ಎರಡು 36 ಓಮ್, 2 ವಾಟ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಹಾಕು, ಉಳಿದವೂ 2 ವಾಟ್ ಇರಲಿ. ಮೆಟಲ್ ಫಿಲ್ಮ್ ಅಥವಾ ಮೆಟಲ್ ಆಕ್ಸೈಡ್ ತಗೋ. ಸಿಮೆಂಟಿನ ಬಿಳಿ ವೈರ್‌ವೌಂಡ್ ಕೊಟ್ಟರೆ ಬೇಡ ಅನ್ನು, ಅದರೊಳಗೆ ಇರುವುದೇ ಸುತ್ತಿದ ತಂತಿ, 28 ಮೆಗಾಹರ್ಟ್ಸ್‌ನಲ್ಲಿ ಅದು ರೆಸಿಸ್ಟರ್ ಆಗಿ ಉಳಿಯಲ್ಲ. ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ ಬೆಸುಗೆ ಹಾಕು.

ಪ್ಯಾಡ್ ಎಲ್ಲಿ ಕೂರಬೇಕು ಅನ್ನೋದನ್ನು ಗಮನವಿಟ್ಟು ಓದು. ರಿಗ್‌ಗೂ ಆಂಪ್‌ಗೂ ನಡುವೆ ಹೊರಗೆ ಇಟ್ಟರೆ ಕೇಳುವಾಗಲೂ ಸಿಗ್ನಲ್ ಅದರ ಮೂಲಕವೇ ಬರುತ್ತದೆ, ರಿಸೀವ್‌ನಲ್ಲಿ ಸುಮ್ನೆ 3 ಡಿಬಿ ಕಳಕೋತೀಯ. ಆಂಪ್ ಆಫ್ ಮಾಡಿ ಬರಿಗೈ 5 ವಾಟ್‌ನಲ್ಲಿ ಮಾತಾಡಿದರೂ ಅರ್ಧ ಹೋಯಿತು. ಅದಕ್ಕೇ ಆಂಪ್ ಪೆಟ್ಟಿಗೆಯ ಒಳಗೆ, ಇನ್‌ಪುಟ್ ರಿಲೇ ಆದ ಮೇಲೆ, ಟ್ರಾನ್ಸ್‌ಫಾರ್ಮರ್‌ಗೆ ಮುಂಚೆ ಇಡಬೇಕು. ಟ್ರಾನ್ಸ್‌ಮಿಟ್ ಆಗುವಾಗ ಮಾತ್ರ ಅದು ದಾರಿಯಲ್ಲಿರುತ್ತದೆ.

ರಿಗ್ ಒಳಗಿನ ಆಂಟೆನಾ ಟ್ಯೂನರ್ ಒತ್ತಿದರೆ 1.1 ಬರುತ್ತೆ ದೊಡ್ಡಪ್ಪ ಅಂದೆ. ಬರುತ್ತೆ, ಗೊತ್ತು. ಆದರೂ ಬೇಡ. ಟ್ಯೂನರ್ ರಿಗ್‌ನ ಕಣ್ಣಿಗೆ ಮಾತ್ರ ಸರಿ ಮಾಡುತ್ತದೆ, ಗೇಟ್ ಹತ್ತಿರದ ಕಾಯಿಲೆ ಹಾಗೇ ಇರುತ್ತದೆ. ಅದಕ್ಕಿಂತ ಮುಖ್ಯ, ಆಂಪ್ ಇನ್‌ಪುಟ್‌ಗೆ ಅಂತ ಕೂರಿಸಿದ ಸೆಟ್ಟಿಂಗ್ ಬೈಪಾಸ್ ಮಾಡಿ ನೇರ ಆಂಟೆನಾಕ್ಕೆ ಹೋದಾಗ ತಪ್ಪಾಗುತ್ತದೆ, ಆಂಟೆನಾಕ್ಕೆ ಅಂತ ನೆನಪಿಟ್ಟುಕೊಂಡ ಸೆಟ್ಟಿಂಗ್ ಆಂಪ್ ಇನ್‌ಪುಟ್‌ಗೆ ತಪ್ಪಾಗುತ್ತದೆ. ಆಂಪ್ ಬಳಸುವಾಗ ಒಳಗಿನ ಟ್ಯೂನರ್ ಆಫ್. ಆಂಟೆನಾಕ್ಕೆ ಟ್ಯೂನರ್ ಬೇಕೇ ಬೇಕು ಅಂದರೆ 50 ವಾಟ್ ತಡೆಯುವಂಥದ್ದನ್ನು ಆಂಪ್ ಆದ ಮೇಲೆ ಹಾಕು.

ಲೋ ಪಾಸ್ ಫಿಲ್ಟರ್ ಬಗ್ಗೆ ನಿನಗೆ ಜಾಸ್ತಿ ಹೇಳಬೇಕು, ಯಾಕಂದರೆ ನೀನಿರುವುದು ಗೌರಿಬಿದನೂರಿನಲ್ಲಿ. ನಿಮ್ಮೂರ ಹತ್ತಿರದ ಬಯಲಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋ ವೀಕ್ಷಣಾಲಯ ಇದೆ. ಹಿಂದೆ ಅಲ್ಲೇ 34.5 ಮೆಗಾಹರ್ಟ್ಸ್‌ಗೆ ಸಾವಿರ ಡೈಪೋಲ್‌ಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ ಆಕಾಶ ಕೇಳಿದರು. ಸೂರ್ಯನನ್ನು ರೇಡಿಯೋ ಅಲೆಗಳಲ್ಲಿ ನೋಡುವ ಅಲ್ಲಿನ ಏರ್ಪಾಡು 40 ಮೆಗಾಹರ್ಟ್ಸ್‌ನಿಂದ ಮೇಲಿನದು. ನೀನು 14 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದಲ್ಲಿ ಹುಟ್ಟುವ ಬೇಡದ ಸಿಗ್ನಲ್) 42ಕ್ಕೆ ಬೀಳುತ್ತದೆ, 21ರಲ್ಲಿ ಮಾತಾಡಿದರೆ 63ಕ್ಕೆ. ಎರಡು ಮಾಸ್‌ಫೆಟ್ ಪುಶ್‌ಪುಲ್ ಆಗಿ, ಅಂದರೆ ಸರದಿಯಂತೆ, ನಡೆಯುವ ಆಂಪ್‌ನಲ್ಲಿ ಎರಡನೇ ಹಾರ್ಮೋನಿಕ್ ಸಾಕಷ್ಟು ಅಡಗುತ್ತದೆ, ಮೂರನೆಯದು ಅಡಗಲ್ಲ. ಫಿಲ್ಟರ್ ಇಲ್ಲದೆ, ಅಥವಾ ತಪ್ಪು ಬ್ಯಾಂಡಿನ ಫಿಲ್ಟರ್ ಇಟ್ಟು ಆ ಆಂಪನ್ನು ಆಂಟೆನಾಕ್ಕೆ ಕೊಡಲೇಬೇಡ. ಅಷ್ಟು ಕ್ಷೀಣವಾದ ಸಿಗ್ನಲ್ ಹಿಡಿಯಲು ಕೂತವರ ಪಕ್ಕದಲ್ಲಿ ನಾವು ಗಲೀಜು ಸುರಿಯಬಾರದು. ರಿಗ್‌ನ ಔಟ್‌ಪುಟ್ ಕೂಡ ಶುದ್ಧವಾಗಿರಬೇಕು, ಅದರ ಹಾರ್ಮೋನಿಕ್‌ಗಳು ಆಂಪ್ ಇನ್‌ಪುಟ್‌ನಿಂದ ವಾಪಸ್ ಬಂದರೆ ಮೀಟರ್ ಅದನ್ನೂ ಎಸ್‌ಡಬ್ಲ್ಯುಆರ್ ಅಂತಲೇ ಓದುತ್ತದೆ.

ಯಾರಾದರೂ 100 ವಾಟ್ ರಿಗ್ ಕೊಟ್ಟು, ಪವರ್ 5ಕ್ಕೆ ಇಳಿಸಿ ಆಂಪ್‌ಗೆ ಕೊಡು ಅಂದರೆ ಒಪ್ಪಬೇಡ. ಕೆಲವು ರಿಗ್‌ಗಳು ಪಿಟಿಟಿ ಒತ್ತಿದ ಮೊದಲ ಕ್ಷಣದಲ್ಲಿ ಇಟ್ಟದ್ದಕ್ಕಿಂತ ಎಷ್ಟೋ ಜಾಸ್ತಿ ಪವರ್ ಚಿಮ್ಮಿಸುತ್ತವೆ. ಐಆರ್‌ಎಫ್530 ಗೇಟ್ 20 ವೋಲ್ಟ್‌ಗಿಂತ ಜಾಸ್ತಿ ತಡೆಯಲ್ಲ.

50 ವಾಟ್ ಔಟ್‌ಪುಟ್‌ಗೆ 13.8 ವೋಲ್ಟ್‌ನಲ್ಲಿ ಏಳೆಂಟು ಆಂಪಿಯರ್ ಬೇಕು, ದಪ್ಪ ವೈರ್ ಹಾಕು. ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ವಿಧಾನ) ಮಾಡುವಾಗ ಪ್ರತಿ 15 ಸೆಕೆಂಡ್ ಸರದಿಯಲ್ಲಿ ಹನ್ನೆರಡೂವರೆ ಸೆಕೆಂಡ್ ಪೂರ್ತಿ ಪವರ್ ಹೋಗುತ್ತದೆ, ಹೀಟ್‌ಸಿಂಕ್ ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾದರೆ ಡ್ರೈವ್ ಇಳಿಸು. ನಿನ್ನ ಲೈಸೆನ್ಸ್ ದರ್ಜೆಗೆ ಕೊಟ್ಟಿರುವ ಪವರ್ ಮಿತಿಯನ್ನು ಇನ್ನೊಮ್ಮೆ ಓದಿಕೋ, ಅದನ್ನು ದಾಟಬೇಡ.

ಶನಿವಾರದೊಳಗೆ ಡಮ್ಮಿ ಲೋಡ್ ಹಾಕಿ 40, 20, 15, 10 ಮೀಟರ್ ನಾಲ್ಕರಲ್ಲೂ ಇನ್‌ಪುಟ್ ಎಸ್‌ಡಬ್ಲ್ಯುಆರ್ ಅಳೆದು ಕಳಿಸು. ಪೆಟ್ಟಿಗೆ ಮುಚ್ಚಳ ತೆಗೆದು ಇನ್‌ಪುಟ್ ಟ್ರಾನ್ಸ್‌ಫಾರ್ಮರ್, ರಿಲೇ ಎರಡೂ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ತೆಗಿ. ಮುಂದಿನ ವಾರ ಬೆಂಗಳೂರಿಗೆ ಹೋಗುವ ಕೆಲಸ ಇದೆ, ಎಸ್‌ಪಿ ರೋಡಿನಲ್ಲಿ 36 ಓಮ್, 300 ಓಮ್ ರೆಸಿಸ್ಟರ್ ಜೊತೆಗೆ ಒಂದು ಟ್ರಿಮ್ಮರನ್ನೂ ತಗೊಂಡು ನಿಮ್ಮ ಮನೆಗೇ ಬರುತ್ತೇನೆ. ಬೆಸುಗೆ ಮಾತ್ರ ನೀನೇ ಹಾಕಬೇಕು.

ನಿನ್ನ ದೊಡ್ಡಪ್ಪ